ಕಾಂಚಳಿಯ ಕನ್ನಡಿ, ಕೊರಳ ಮಣಿ

ಜನವರಿಯಲ್ಲಿ ಬೀದರ್ ಜಿಲ್ಲೆಯ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ ಹೋದವರು ಬಳೆ ಅಂಗಡಿಗಳ ಮುಂದೆ ನಿಲ್ಲದೆ ಬರುವುದು ಕಡಿಮೆ. ಆದರೆ ಈ ಸೀಮೆಯ ಗಾಜಿನ ಒಡವೆಯ ಸೊಗಸು ಅಂಗಡಿಯಲ್ಲಿ ತೂಗುಹಾಕಿದ ಸರಗಳಲ್ಲಿಲ್ಲ, ಬಳೆ ಇಡಿಸಿಕೊಳ್ಳಲು ಕೈ ಚಾಚಿ ಕುಳಿತ ಲಂಬಾಣಿ ಅಜ್ಜಿಯ ಮೈಮೇಲಿದೆ. ಕೊಹಿನೂರ, ಬಸವಕಲ್ಯಾಣ, ಹುಮನಾಬಾದ್ ಸುತ್ತಿನ ತಾಂಡಾಗಳಲ್ಲಿ ಸೊಸೆಯಂದಿರು ಸೀರೆಗೆ ಬಂದಿದ್ದರೂ ಇಂಥ ಅಜ್ಜಿಯರು ಕಾಂಚಳಿ ಎಂಬ ಕುಪ್ಪಸ, ಫೇಟಿಯಾ ಎಂಬ ಲಂಗ ಬಿಟ್ಟಿಲ್ಲ. ಎದೆಯ ಮೇಲೆ ಕನ್ನಡಿ ಬಿಲ್ಲೆಗಳು, ಕೊರಳಲ್ಲಿ ಮಣಿಸರ, ಅಂಚಿಗೆ ಕವಡೆ. ಹಿಂದೆ ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ದಖ್ಖನಿನುದ್ದಕ್ಕೂ ಅಲೆದ ಸಮುದಾಯವಿದು. ಆಸ್ತಿ, ಅಲಂಕಾರ ಎರಡನ್ನೂ ಮೈಮೇಲೆ ಹೊತ್ತೇ ನಡೆಯಬೇಕಿತ್ತು.

ಕನ್ನಡಿಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಹಳೆಯ ಕಾಂಚಳಿಯ ಬಿಲ್ಲೆ ಚಪ್ಪಟೆಯಲ್ಲ, ನಡುವೆ ತುಸು ಉಬ್ಬಿರುತ್ತದೆ. ಗುಜರಾತಿನ ಕಪಡ್‌ವಂಜ್ ಇಂಥ ಗಾಜಿಗೆ ಹೆಸರಾದ ಊರು. ಅಲ್ಲಿ ಕರಗಿದ ಗಾಜನ್ನು ಕೊಳವೆಯ ತುದಿಗೆ ಹಿಡಿದು ಊದಿ ಬುರುಡೆ ಮಾಡುತ್ತಾರೆ, ಒಳಗೆ ಕನ್ನಡಿಯ ಲೇಪ ಬಳಿದು, ಆಮೇಲೆ ಒಡೆದು ಚೂರು ಮಾಡುತ್ತಾರೆ. ಬುರುಡೆಯ ಬಾಗು ಚೂರಿಗೂ ಬರುವುದರಿಂದ ಬೆಳಕು ಒಂದೇ ಕಡೆ ಹೊಡೆಯದೆ ನಾಲ್ಕೂ ಕಡೆ ಚದುರುತ್ತದೆ. ಯಂತ್ರ ಕತ್ತರಿಸಿದ ಕನ್ನಡಿಯಲ್ಲಿ ಈ ಮಿನುಗು ಇಲ್ಲ. ಪ್ಲಾಸ್ಟಿಕ್ಕಿನ ಮಾತು ಬಿಡಿ.

ಬಿಲ್ಲೆಗೆ ತೂತಿಲ್ಲ, ಅಂಟೂ ಇಲ್ಲ. ಮೊದಲು ಅದರ ಮೇಲೆ ಉದ್ದಕ್ಕೂ ಅಡ್ಡಕ್ಕೂ ದಾರ ಹಾಯಿಸಿ ಬಟ್ಟೆಗೆ ಬಿಗಿಯುತ್ತಾರೆ. ಆ ದಾರಗಳನ್ನೇ ಸೂಜಿಯಿಂದ ಅಂಚಿನತ್ತ ಎಳೆಯುತ್ತ ಸುತ್ತಲೂ ಹೊಲಿಗೆ ಹಾಕಿದಾಗ ಗಾಜಿಗೊಂದು ದಾರದ ಕಟ್ಟು ಸಿದ್ಧ. ಬಿಗಿ ಹೆಚ್ಚಾದರೆ ಬಟ್ಟೆ ಮುದುಡುತ್ತದೆ, ಕಡಿಮೆಯಾದರೆ ಬಿಲ್ಲೆ ಜಾರುತ್ತದೆ. ಅಳತೆಪಟ್ಟಿಯಿಲ್ಲ, ಎಲ್ಲವೂ ಬೆರಳಿನ ಅಂದಾಜು.

ಮಣಿಯ ಹಾದಿ ಬೇರೆ. ಸಾಸಿವೆಗಿಂತ ತುಸು ದೊಡ್ಡ ಮಣಿಗಳಿಗೆ ಗಾಜನ್ನು ಟೊಳ್ಳು ನಳಿಗೆಯಾಗಿ ಉದ್ದಕ್ಕೆ ಎಳೆದು ತುಂಡರಿಸುತ್ತಾರೆ. ಆಂಧ್ರದ ಪಾಪನಾಯುಡುಪೇಟೆ ಈ ಕೆಲಸಕ್ಕೆ ಹೆಸರುವಾಸಿ. ದೊಡ್ಡ ಮಣಿಯಾದರೆ ಉರಿಯಲ್ಲಿ ಮೆತ್ತಗಾದ ಗಾಜನ್ನು ಕಬ್ಬಿಣದ ಕಡ್ಡಿಗೆ ಸುತ್ತಿ, ಮೇಲೆ ಬೇರೆ ಬಣ್ಣದ ಚುಕ್ಕೆ, ಗೆರೆ ಇಡುತ್ತಾರೆ. ಮಾಡುವುದಕ್ಕಿಂತ ತಣಿಸುವುದೇ ಕಷ್ಟ. ಹೊರಮೈ ಬೇಗ ಆರಿ ಒಳಗೆ ಬಿಸಿ ಉಳಿದರೆ ಗಾಜು ಒಳಗೊಳಗೇ ಬಿಗಿದುಕೊಂಡು ಬಿರುಕು ಬಿಡುತ್ತದೆ. ಒಂದು ಮಣಿ ಇನ್ನೊಂದರಂತೆ ಇಲ್ಲದಿರುವುದು, ತೂತಿನ ಬಾಯಿ ತುಸು ಸೊಟ್ಟಗಿರುವುದು, ಒಳಗೊಂದು ಗಾಳಿಗುಳ್ಳೆ ಸಿಕ್ಕಿಕೊಂಡಿರುವುದು ಕೈಕೆಲಸದ ಗುರುತು. ನನಗಂತೂ ಆ ಗುಳ್ಳೆಯೇ ಇಷ್ಟ.

ಈ ನೆಲಕ್ಕೆ ಗಾಜಿನ ಒಡವೆ ಹೊಸದಲ್ಲ. ದಖ್ಖನಿನ ಉತ್ಖನನಗಳಲ್ಲಿ ಬಹಮನಿ ಕಾಲದ ಬಣ್ಣಬಣ್ಣದ ಗಾಜಿನ ಬಳೆಗಳ ಚೂರುಗಳು ಸಿಕ್ಕಿವೆ. ಈಗ ನಮ್ಮ ಕೈಗೆ ಬರುವ ಬಳೆಗಳು ಬಹುಪಾಲು ಉತ್ತರಪ್ರದೇಶದ ಫಿರೋಜಾಬಾದಿನವು. ಅಲ್ಲೂ ಸುರುಳಿಯಿಂದ ಕತ್ತರಿಸಿದ ಬಳೆಯ ಬಾಯನ್ನು ಒಂದೊಂದಾಗಿ ದೀಪದ ಉರಿಗೆ ಹಿಡಿದು ಕೂಡಿಸುವುದು ಮನೆಗಳಲ್ಲಿ ಕೂತ ಕೆಲಸಗಾರರೇ. ಡಜನ್ ಲೆಕ್ಕದಲ್ಲಿ ಚೌಕಾಸಿ ಮಾಡುವಾಗ ಇದು ಯಾರಿಗೂ ನೆನಪಾಗುವುದಿಲ್ಲ.

ಲಂಬಾಣಿ ಕಸೂತಿಗೆ ಮಾರುಕಟ್ಟೆಯ ಮಾನ ತಂದುಕೊಟ್ಟದ್ದು ಬಳ್ಳಾರಿ ಜಿಲ್ಲೆಯ ಸಂಡೂರು. ಅಲ್ಲಿನ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ವೇಳೆ ಸಂಡೂರು ಕುಶಲ ಕಲಾ ಕೇಂದ್ರದ ಮಹಿಳೆಯರ ಕೈಯಿಂದ ಬಂದ 1755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಬೀದರ್ ಜಿಲ್ಲೆ ಎಂದೊಡನೆ ಎಲ್ಲರೂ ಬಿದ್ರಿ ಎನ್ನುತ್ತಾರೆ, ಎನ್ನಲಿ. ಆದರೆ ಇಲ್ಲಿನ ತಾಂಡಾದ ಗಾಜಿಗೂ ಸಂಡೂರಿನಂಥದೊಂದು ಕೇಂದ್ರ ಬೇಕು. ಹಳೆಯ ಕಾಂಚಳಿಗಳು ವ್ಯಾಪಾರಿಗಳ ಕೈ ಸೇರಿ, ತುಂಡಾಗಿ, ನಗರಗಳಲ್ಲಿ ಚೀಲವಾಗಿ, ದಿಂಬಿನ ಹೊದಿಕೆಯಾಗಿ ಮಾರಾಟವಾಗುತ್ತಿವೆ. ಅಂಥ ಚೀಲ ಕೊಳ್ಳುವಾಗ ಕನ್ನಡಿಯ ಮೇಲೊಮ್ಮೆ ಬೆರಳಾಡಿಸಿ ನೋಡಿ, ಉಬ್ಬು ಕೈಗೆ ಸಿಗುತ್ತದೆ.