ಪಿಂಚಣಿ ಅಕ್ಕನ ಪಂಚಾಯಿತಿ

ನಂಜನಗೂಡು ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯಲ್ಲಿ ನಾನು ವಿ.ಆರ್.ಡಬ್ಲ್ಯೂ. ಕಾಗದದ ಮೇಲೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ, ಊರಿನ ಬಾಯಲ್ಲಿ ಪಿಂಚಣಿ ಅಕ್ಕ. ಎಡಗಾಲಿಗೆ ಕ್ಯಾಲಿಪರ್ ಇದೆ. ಹಿಂದೆ ಎರಡು ಗಾಲಿ ಹೆಚ್ಚಿಗೆ ಜೋಡಿಸಿದ ಸ್ಕೂಟರಿನಲ್ಲಿ ಪಂಚಾಯಿತಿಗೆ ಸೇರಿದ ಊರುಗಳನ್ನೆಲ್ಲ ಸುತ್ತುತ್ತೇನೆ. ನಮ್ಮ ರಾಜ್ಯದಲ್ಲಿ ಈ ಕೆಲಸಕ್ಕೆ ಪ್ರತಿ ಗ್ರಾಮ ಪಂಚಾಯಿತಿಗೂ ಒಬ್ಬ ಅಂಗವಿಕಲರನ್ನೇ ತೆಗೆದುಕೊಳ್ಳುತ್ತಾರೆ. ತಾಲ್ಲೂಕಿನಲ್ಲಿ ನಮ್ಮ ಕೆಲಸ ನೋಡಿಕೊಳ್ಳುವ ಎಂ.ಆರ್.ಡಬ್ಲ್ಯೂ ಕೂಡ ಅಂಗವಿಕಲರೇ. ಇದನ್ನು ಮೊದಲು ಯೋಚಿಸಿದವರು ಯಾರೋ, ಅವರಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಮಗು ನಡೆಯುತ್ತಿಲ್ಲ ಎಂದು ಅಳುವ ತಾಯಿಯ ಎದುರು ನಾನು ಕ್ಯಾಲಿಪರ್ ಸದ್ದು ಮಾಡಿಕೊಂಡು ಜಗಲಿ ಹತ್ತಿ ಕೂತರೆ, ಆಡಬೇಕಾದ ಮಾತಿನಲ್ಲಿ ಅರ್ಧ ಅಲ್ಲೇ ಮುಗಿದಿರುತ್ತದೆ.

ಯಾವ ಮನೆಯಲ್ಲಿ ಯಾರಿಗೆ ಏನು ತೊಂದರೆ ಎಂಬ ಸಮೀಕ್ಷೆಯ ಪುಸ್ತಕ ನಮ್ಮ ಕೈಯಲ್ಲಿರುತ್ತದೆ. ಡಾಕ್ಟರ ತಪಾಸಣೆಗೆ ಕರೆದುಕೊಂಡು ಹೋಗಿ ಅಂಗವಿಕಲರ ಗುರುತಿನ ಚೀಟಿಯಾದ ಯು.ಡಿ.ಐ.ಡಿ. ಕಾರ್ಡ್ ಮಾಡಿಸಬೇಕು. ಅಂಗವಿಕಲತೆ ಶೇ 40 ಅಥವಾ ಅದಕ್ಕಿಂತ ಹೆಚ್ಚು ಎಂದು ಬರೆದು ಬಂದರೆ ಪಿಂಚಣಿ, ಬಸ್ ಪಾಸು, ಓದುವ ಮಕ್ಕಳಿಗೆ ವಿದ್ಯಾರ್ಥಿವೇತನ, ಒಂದೊಂದಕ್ಕೂ ಅರ್ಜಿ ಹಾಕಿಸಬೇಕು. 1995ರ ಕಾನೂನಿನಲ್ಲಿ 7 ಬಗೆಯ ಅಂಗವಿಕಲತೆ ಇತ್ತು. 2016ರ ಕಾನೂನಿನಲ್ಲಿ ಅದು 21 ಆಯಿತು. ಆಟಿಸಂ, ತಲಸ್ಸೇಮಿಯಾ, ಪಾರ್ಕಿನ್‌ಸನ್, ಆ್ಯಸಿಡ್ ದಾಳಿಗೆ ಸಿಕ್ಕವರು, ಕುಳ್ಳಗಿನ ದೇಹದವರು ಎಲ್ಲರೂ ಸೇರಿದರು. 2011ರ ಜನಗಣತಿಯಲ್ಲಿ ಕರ್ನಾಟಕದ ಅಂಗವಿಕಲರು 13.24 ಲಕ್ಷ, ಅದು ಈ 21 ಬಗೆ ಬರುವ ಮುಂಚಿನ ಲೆಕ್ಕ.

ಇವೆಲ್ಲ ಸರ್ಕಾರ ಕೊಡುವಂಥವು. ಕೊಟ್ಟಾಗ ಫೋಟೊ ತೆಗೆಯುತ್ತಾರೆ, ವೇದಿಕೆ, ಹಾರ, ಸಾಲಾಗಿ ನಿಲ್ಲಿಸಿದ ಮೂರು ಗಾಲಿಯ ಸೈಕಲ್ಲು. ಇದೇ ಜನರಿಂದ ಊರು ಏನೇನು ಪಡೆಯುತ್ತಿದೆ ಎನ್ನುವುದರ ಫೋಟೊ ನಾನು ಎಲ್ಲೂ ಕಂಡಿಲ್ಲ. ಅದನ್ನು ಹೇಳಬೇಕೆಂದೇ ಬರೆಯಲು ಕೂತೆ.

ನಾನು ಪೋಲಿಯೊ ತಲೆಮಾರಿನವಳು, ಹುಟ್ಟಿದ್ದು 1982ರಲ್ಲಿ. ದೇಶದಲ್ಲಿ ಪಲ್ಸ್ ಪೋಲಿಯೊ ಶುರುವಾದದ್ದು 1995ರಲ್ಲಿ. ಆ ಹೊತ್ತಿಗೆ ನಾನು ಊರುಗೋಲು ಹಿಡಿದು ಹೈಸ್ಕೂಲು ಸೇರುವವಳಿದ್ದೆ. ಮುಂದೆ ಈ ಕೆಲಸಕ್ಕೆ ಬಂದ ಮೇಲೆ, ಹನಿ ಹಾಕುವ ಭಾನುವಾರಗಳಲ್ಲಿ ಆಶಾ, ಅಂಗನವಾಡಿ ಕಾರ್ಯಕರ್ತೆಯರು ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಒಂದು ಮನೆಯಲ್ಲಿ ಅಜ್ಜಿ ಬಾಗಿಲಿಗೆ ಅಡ್ಡ ನಿಂತು, ‘ಅನಿ ಆಕುದ್ರೆ ಕೂಸ್ಗೆ ಜ್ವರ ಬತ್ತದೆ, ಬ್ಯಾಡ ಕಣವ್ವ’ ಎಂದರು. ನಾನು ನೆರಿಗೆ ಸ್ವಲ್ಪ ಎತ್ತಿ ಕ್ಯಾಲಿಪರ್ ತೋರಿಸಿದೆ. ‘ಅಜ್ಜಿ, ನಂಗೂ ಮೊದ್ಲು ಜ್ವರವೇ ಬಂದಿದ್ದು. ನಮ್ಮನೇಲಿ ಹನಿ ಹಾಕ್ಸಿರ್ಲಿಲ್ಲ’ ಎಂದೆ. ಅವರು ಒಳಗೆ ಹೋಗಿ ಮಗುವನ್ನು ತಂದು ಆಶಾ ಕೈಗೆ ಕೊಟ್ಟರು. ಭಾರತದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾದಲ್ಲಿ ಪತ್ತೆಯಾಯಿತು. 2014ರ ಮಾರ್ಚ್ 27ರಂದು ದೇಶ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಬಂತು. ಹನಿ ತಯಾರಿಸಿದ ವಿಜ್ಞಾನಿಗಳು, ಐಸ್ ಪೆಟ್ಟಿಗೆ ಹೊತ್ತ ಸಿಸ್ಟರ್‌ಗಳು ಮಾಡಿದ ಈ ಕೆಲಸದಲ್ಲಿ ನನ್ನಂಥವರ ಕಾಲುಗಳ ಪಾಲೂ ಒಂದಿಷ್ಟು ಇದೆ ಎಂದು ನಾನು ಎದೆ ತಟ್ಟಿ ಹೇಳುತ್ತೇನೆ.

ನಂಜನಗೂಡಿಗೆ ಬರುವ ಭಕ್ತರು ಹೆಚ್ಚಾಗಿ ನೋಡುವ ಅಂಗವಿಕಲರೆಂದರೆ ಕಪಿಲೆಯ ಸ್ನಾನಘಟ್ಟದ ದಾರಿಯಲ್ಲಿ ತಟ್ಟೆ ಮುಂದಿಟ್ಟುಕೊಂಡು ಕೂತವರು. ನಂಜುಂಡೇಶ್ವರ ನಮ್ಮ ಕಡೆ ವೈದ್ಯ ದೇವರು. ಟಿಪ್ಪು ಸುಲ್ತಾನನ ಆನೆಯ ಕಣ್ಣು ಇಲ್ಲಿ ವಾಸಿಯಾಯಿತು, ಆತ ಪಚ್ಚೆಯ ಲಿಂಗ ಒಪ್ಪಿಸಿ ಹಕೀಂ ನಂಜುಂಡ ಎಂದು ಕರೆದ ಎಂಬ ಕಥೆಯನ್ನು ಇಲ್ಲಿ ಮಕ್ಕಳೂ ಹೇಳುತ್ತಾರೆ. ಹಾಗಾಗಿ ಮಗು ಕೂಗಿದರೆ ತಿರುಗಿ ನೋಡದಿದ್ದಾಗ, ಎರಡು ವರ್ಷವಾದರೂ ‘ಅವ್ವ’ ಅನ್ನದಿದ್ದಾಗ, ಮೊದಲು ಬೀಳುವುದು ಹರಕೆ. ನನಗೂ ನಂಜುಂಡನ ಮೇಲೆ ಭಕ್ತಿಯಿದೆ, ದೊಡ್ಡ ಜಾತ್ರೆಯಲ್ಲಿ ಗೌತಮ ರಥ ಹೊರಟಾಗ ನಾನೂ ದೂರದಲ್ಲಿ ನಿಂತು ಹಣ್ಣು ಜವನ ಎಸೆಯುತ್ತೇನೆ. ಹರಕೆ ಹೊತ್ತವರಿಗೆ ನಾನು ಹೇಳುವುದು ಇಷ್ಟೇ: ತೀರಿಸುವುದು ಯಾವಾಗಲಾದರೂ ಆದೀತು, ಕಿವಿ ಪರೀಕ್ಷೆ ಈ ವಾರವೇ ಆಗಬೇಕು.

ಏಕೆಂದರೆ ಕಿವಿಗೆ ಕಾಯುವಷ್ಟು ಸಮಯವಿಲ್ಲ. ಹುಟ್ಟಿದ ಒಂದು ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ ತೀರ್ಮಾನ, ಆರು ತಿಂಗಳೊಳಗೆ ಶ್ರವಣ ಸಾಧನವೋ ತರಬೇತಿಯೋ ಶುರುವಾಗಬೇಕು ಎನ್ನುತ್ತಾರೆ ತಜ್ಞರು. ಮಾತು ಬೆಳೆಯುವ ಮಿದುಳಿಗೆ ಮೊದಲ ವರ್ಷಗಳಲ್ಲಿ ಸದ್ದು ಸಿಗದಿದ್ದರೆ ಮುಂದೆ ಎಷ್ಟು ಕೇಳಿಸಿದರೂ ಅದು ಮಾತಾಗುವುದು ಕಷ್ಟ. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲೇ ಇರುವುದು ನಮ್ಮ ಜಿಲ್ಲೆಯ ಪುಣ್ಯ. ಅದರ ವಿಸ್ತರಣಾ ಕೇಂದ್ರವೊಂದು ನಮ್ಮದೇ ತಾಲ್ಲೂಕಿನ ಹುಲ್ಲಹಳ್ಳಿಯ ಸರ್ಕಾರಿ ಆಸ್ಪತ್ರೆಗೆ ಬಂತು. ಮಲಗಿದ ಕೂಸಿನ ಕಿವಿಗೆ ಸಣ್ಣ ಬಿರಡೆಯಂಥದ್ದನ್ನು ಇಟ್ಟು ಸದ್ದು ಕಳಿಸುತ್ತಾರೆ. ಒಳಗಿವಿ ಸರಿಯಿದ್ದರೆ ಅದು ತಿರುಗಿ ಕೊಡುವ ಸೂಕ್ಷ್ಮ ಸದ್ದನ್ನು ಯಂತ್ರ ಹಿಡಿಯುತ್ತದೆ. ನೋವಿಲ್ಲ, ಕೂಸಿಗೆ ಎಚ್ಚರವೂ ಆಗುವುದಿಲ್ಲ.

ನಮ್ಮ ಪಂಚಾಯಿತಿಯ ಒಬ್ಬ ತಾಯಿ ಹೀಗೆ ಕಿವಿ ಕೇಳದ ಮಗಳನ್ನು ಮೈಸೂರಿನ ಆ ಸಂಸ್ಥೆಯ ಶಾಲಾಪೂರ್ವ ತರಗತಿಗೆ ಸೇರಿಸಿದರು. ಅಲ್ಲಿ ತಾಯಿಯೂ ಮಗುವಿನ ಜೊತೆ ಕೂತು ಕಲಿಯಬೇಕು. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟಿದ್ದ ಆ ಹೆಣ್ಣುಮಗಳು ಮಗಳಿಗಾಗಿ ಮತ್ತೆ ಪಾಠ ಬರೆದರು, ಚಿತ್ರದ ಪುಸ್ತಕ ಮಾಡಿದರು. ಊರಿಗೆ ಮರಳಿದ ಮೇಲೆ ಅಂಗನವಾಡಿಯಲ್ಲಿ ಮಾತು ತಡವಾದ ಬೇರೆ ಮಕ್ಕಳನ್ನು ಗುರುತು ಹಿಡಿಯುವವರು ಅವರೇ. ಸಂಬಳವಿಲ್ಲ, ಹುದ್ದೆಯಿಲ್ಲ. ನನಗೆ ಯಾವ ಮಗುವಿನ ಬಗ್ಗೆ ಅನುಮಾನ ಬಂದರೂ ಮೊದಲು ಫೋನು ಮಾಡುವುದು ಅವರಿಗೆ.

ನನ್ನ ತವರು ತಿ. ನರಸೀಪುರ ತಾಲ್ಲೂಕು, ಕಾವೇರಿ ಕಪಿಲೆ ಕೂಡುವ ಸಂಗಮದಿಂದ ಅಷ್ಟೇನೂ ದೂರವಿಲ್ಲದ ನೀರಾವರಿ ಊರು. ಅಲ್ಲಿ ಬುದ್ಧಿ ಬೆಳವಣಿಗೆ ನಿಧಾನವಾದ ಒಬ್ಬ ಹುಡುಗನಿದ್ದಾನೆ, ವರಸೆಯಲ್ಲಿ ನನಗೆ ತಮ್ಮ. ಅಂಕಿ ಬರೆಯಲು ಬರುವುದಿಲ್ಲ. ಡೇರಿಗೆ ಬರುವ ಒಂದೊಂದು ಕ್ಯಾನೂ ಯಾರ ಮನೆಯದೆಂದು ಅದರ ನೆಗ್ಗು ನೋಡಿ ಹೇಳುತ್ತಾನೆ. ಕೈಲಾಗದ ಮುದುಕಿಯರ ಮನೆಗೆ ಬೆಳಗಿನ ಜಾವ ಹೋಗಿ ಹಾಲು ತಂದು ಅಳೆಸಿ, ಖಾಲಿ ಕ್ಯಾನು ತೊಳೆದು ವಾಪಸು ಮುಟ್ಟಿಸುತ್ತಾನೆ. ಒಬ್ಬಂಟಿಯಾಗಿದ್ದ ಅಜ್ಜಿಯೊಬ್ಬರು ಒಂದು ಬೆಳಗ್ಗೆ ಬಾಗಿಲು ತೆಗೆಯಲಿಲ್ಲ. ಓಡಿಹೋಗಿ ಜನರನ್ನು ಕರೆತಂದವನು ಅವನು; ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದಿದ್ದರು, ಬದುಕಿಕೊಂಡರು. ಇಷ್ಟೆಲ್ಲಕ್ಕೆ ಅವನಿಗೆ ಸಿಗುತ್ತಿದ್ದದ್ದು ಒಂದು ಟೀ, ಒಂದು ಬನ್ನು. ‘ಪಾಪ, ಒಳ್ಳೇ ಹುಡ್ಗ’ ಎನ್ನುವ ಮಾತು ಮೇಲೆ. ನಾನು ಸುಮ್ಮನಿರಲಿಲ್ಲ. ಕೆಲಸಗಾರನಿಗೆ ಕೂಲಿ ಕೊಡಬೇಕು, ಪಾಪ ಎಂದು ತಲೆ ಸವರಿದರೆ ಆಗುವುದಿಲ್ಲ ಎಂದು ಊರ ಹಿರಿಯರ ಮುಂದೆ ಜಗಳವನ್ನೇ ಮಾಡಿದೆ. ಈಗ ಮನೆಗಿಷ್ಟು ಎಂದು ತಿಂಗಳಿಗೆ ಅವನ ಖಾತೆಗೆ ದುಡ್ಡು ಹೋಗುತ್ತದೆ. ಸೇವೆ, ತ್ಯಾಗ ಎಂಬ ಮಾತುಗಳನ್ನು ನಾನು ಗೌರವಿಸುತ್ತೇನೆ. ಅಂಗವಿಕಲರ ವಿಷಯದಲ್ಲಿ ಆ ಮಾತುಗಳನ್ನು ಹೇಳಿ ಕೂಲಿ ಉಳಿಸಿಕೊಳ್ಳುವವರನ್ನು ಕಂಡರೆ ಮಾತ್ರ ಮೈ ಉರಿಯುತ್ತದೆ.

ಅದೇ ಊರಿನಲ್ಲಿ ಕಣ್ಣು ಕಾಣದ ಒಬ್ಬ ಮಾವ ತಂಬೂರಿ ನುಡಿಸುತ್ತಾರೆ. ನಮ್ಮದು ನೀಲಗಾರರು ಮಂಟೇಸ್ವಾಮಿಯ ಕಥೆ ಹಾಡುವ ಸೀಮೆ. ಸಾವಿನ ಮನೆಯಲ್ಲಿ ರಾತ್ರಿಯೆಲ್ಲ ಭಜನೆ ನಡೆಯಬೇಕು. ಯಾವ ಜಾತಿಯ ಮನೆಯಾದರೂ ಕರೆದರೆ ಅವರು ಹೋಗುತ್ತಾರೆ. ಯು.ಡಿ.ಐ.ಡಿ. ಕಾರ್ಡು ಅವರಿಗೆ ಬಂದದ್ದು ಮೊನ್ನೆ ಮೊನ್ನೆ, ಊರಿನ ದುಃಖಕ್ಕೆ ಅವರು ಜೊತೆ ಕೂರುತ್ತಿರುವುದು ನಾನು ಹುಟ್ಟುವುದಕ್ಕೂ ಮುಂಚಿನಿಂದ.

ವರ್ಷಕ್ಕೊಮ್ಮೆ ಪಂಚಾಯಿತಿಯಲ್ಲಿ ನಮ್ಮವರಿಗಾಗಿ ವಿಶೇಷ ಗ್ರಾಮಸಭೆ ಇರುತ್ತದೆ. ಸ್ಥಳೀಯ ಸಂಸ್ಥೆಗಳು ತಮ್ಮ ಅನುದಾನದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗೆ ಎತ್ತಿಡಬೇಕೆಂಬ ನಿಯಮವಿದೆ. ಆ ದುಡ್ಡಿನ ಲೆಕ್ಕ ಕೇಳುವ ಜಾಗ ಈ ಸಭೆ. ಬಹಳ ಕಡೆ ಹೊದಿಕೆ ಹಂಚಿ ಕೈ ತೊಳೆದುಕೊಳ್ಳುತ್ತಾರೆ. ನಮ್ಮಲ್ಲಿ ಒಂದು ವರ್ಷ ಕಿವಿ ಕೇಳದ ಹೆಣ್ಣುಮಗಳೊಬ್ಬಳು ಎದ್ದು ನಿಂತು ಸನ್ನೆಯಲ್ಲಿ ಹೇಳಿದಳು, ಅವಳ ಅಕ್ಕ ಅದನ್ನು ಬಾಯಲ್ಲಿ ಹೇಳಿದಳು: ಕಸದ ಗಾಡಿ ಹಾಡು ಹಾಕಿಕೊಂಡು ಬರುತ್ತದೆ, ನನಗೆ ಕೇಳುವುದಿಲ್ಲ, ಹೊರಗೆ ಬರುವಷ್ಟರಲ್ಲಿ ಹೋಗಿರುತ್ತದೆ. ಯಾರಿಗೂ ಹೊಳೆಯದಿದ್ದ ಮಾತು. ಗಾಡಿ ಓಡಿಸುವ ಮಹಿಳೆ ಅಲ್ಲೇ ಇದ್ದರು. ಮಾರನೆಯ ದಿನದಿಂದ ಅವಳ ಕಿಟಕಿಯ ಎದುರು ನಿಂತು ಕೈ ಬೀಸತೊಡಗಿದರು.

ಸಾರುವೆಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಗಾರೆ ಕೆಲಸದವರೊಬ್ಬರು ಗಾಲಿಕುರ್ಚಿಯಲ್ಲಿ ಆ ಸಭೆಗೆ ಬರುತ್ತಾರೆ. ನಮ್ಮ ಪಂಚಾಯಿತಿಯ ಒಂದು ಕಟ್ಟಡಕ್ಕೆ ಕಟ್ಟಿದ ಇಳಿಜಾರು ಎಷ್ಟು ಕಡಿದಾಗಿತ್ತೆಂದರೆ, ಗಾಲಿಕುರ್ಚಿಯನ್ನು ಇಬ್ಬರು ತಳ್ಳಿದರೂ ಹಿಂದಕ್ಕೆ ಜಾರುತ್ತಿತ್ತು. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು ಎಂಬುದು ಲೆಕ್ಕ. ಅವರು ರಸಮಟ್ಟ ತರಿಸಿ, ಎಲ್ಲರೆದುರು ಅಳತೆ ಮಾಡಿ ತೋರಿಸಿದರು. ಒಡೆಸಿ ಮತ್ತೆ ಕಟ್ಟುವಾಗ ಮೇಸ್ತ್ರಿಗೆ ಪಕ್ಕದಲ್ಲೇ ಕೂತು ಹೇಳಿಕೊಟ್ಟರು. ಈಗ ಅದರ ಮೇಲೆ ಹೆಚ್ಚಾಗಿ ಓಡಾಡುವವರು ಮಂಡಿನೋವಿನ ಮುದುಕರು, ಬಸುರಿಯರು, ಅಕ್ಕಿ ಮೂಟೆ ಹೊತ್ತವರು. ಅಕ್ಕಪಕ್ಕದ ಪಂಚಾಯಿತಿಯವರೂ ಇಳಿಜಾರು ಕಟ್ಟುವ ಮುಂಚೆ ಅವರನ್ನು ಕರೆಸಿಕೊಳ್ಳುತ್ತಾರೆ, ದಿನಗೂಲಿ ಕೊಡುತ್ತಾರೆ.

ಉದ್ಯೋಗ ಖಾತ್ರಿಯಲ್ಲಿ ಅಂಗವಿಕಲರಿಗೆ ಅರ್ಧ ಕೆಲಸಕ್ಕೆ ಪೂರ್ತಿ ಕೂಲಿ ಎಂಬ ರಿಯಾಯಿತಿ ಬಂದಾಗಲೂ ನಮ್ಮವರು ಕೆರೆ ಹೂಳಿನ ಜಾಗಕ್ಕೆ ಬಂದರು, ಒಂದು ಕೈ ಇಲ್ಲದ ಒಬ್ಬರು ಕಾಯಕ ಬಂಧುವಾಗಿ ಹಾಜರಿ ನೋಡಿಕೊಂಡರು. ಸ್ವಸಹಾಯ ಸಂಘಕ್ಕೆ ಸಾಮಾನ್ಯವಾಗಿ ಹತ್ತು ಜನ ಬೇಕು, ಅಂಗವಿಕಲರಾದರೆ ಐದು ಜನ ಸಾಕು, ಗಂಡಸರೂ ಸೇರಬಹುದು. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ಇನ್ನು ನೋಡಿಕೊಳ್ಳುವವರ ಮಾತು. ಎದ್ದು ಕೂರಲಾಗದ ಮಗುವಿನ ಮನೆಗೇ ಹೋಗಿ ಪಾಠ ಹೇಳುವ ಬಿ.ಐ.ಇ.ಆರ್.ಟಿ. ಶಿಕ್ಷಕರು ತಾಲ್ಲೂಕಿನಲ್ಲಿದ್ದಾರೆ. ಮೂವತ್ತು ವರ್ಷದ ಮಗನನ್ನು ಈಗಲೂ ಎತ್ತಿ ಸ್ನಾನ ಮಾಡಿಸುವ ತಾಯಂದಿರಿದ್ದಾರೆ. ಅವರ ಸೊಂಟ ಹಿಡಿದುಹೋಗಿರುತ್ತದೆ, ನೆಂಟರ ಮದುವೆ ನೋಡಿ ಎಷ್ಟು ಕಾಲವಾಯಿತೋ. 2024–25ರ ರಾಜ್ಯ ಬಜೆಟ್ಟಿನಲ್ಲಿ ಸೆರೆಬ್ರಲ್ ಪಾಲ್ಸಿಯಂಥ ತೊಂದರೆ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಪ್ರೋತ್ಸಾಹಧನ ಎಂದು ಘೋಷಿಸಿದಾಗ ನಾನು ಅಂಥ ಒಬ್ಬ ತಾಯಿಗೆ ಹೋಗಿ ಹೇಳಿದೆ. ಅವರು ದುಡ್ಡೆಷ್ಟು ಎಂದು ಕೇಳಲಿಲ್ಲ. ‘ಇದ್ನೂ ಕೆಲ್ಸ ಅಂತ ಬರ್ದವ್ರಾ?’ ಎಂದರು.

ನಮ್ಮ ಕೆಲಸವನ್ನೂ ಹಾಗೆ ಬರೆಯಬೇಕಿದೆ. ನಮಗೆ ಬರುವುದು ಗೌರವಧನ, ಸಂಬಳವಲ್ಲ. ಖಾಯಂ ಮಾಡಿ ಎಂದು ವಿ.ಆರ್.ಡಬ್ಲ್ಯೂಗಳು ರಾಜ್ಯದುದ್ದಕ್ಕೂ ಕೇಳುತ್ತಲೇ ಇದ್ದಾರೆ. ಚುನಾವಣೆ ಬಂದರೆ ಮನೆಯಿಂದಲೇ ಮತ ಹಾಕುವವರ 12ಡಿ ಫಾರಂ ತುಂಬಿಸುವವರು ನಾವು, ಮತಗಟ್ಟೆಗೆ ಗಾಲಿಕುರ್ಚಿ ಬಂದಿದೆಯೇ ಎಂದು ನೋಡುವವರು ನಾವು. ಕುಷ್ಠದಲ್ಲಿ ಬೆರಳು ಕಳೆದುಕೊಂಡ ಹಿರಿಯರಿಗೆ ಹೆಬ್ಬೆಟ್ಟು ಇಲ್ಲವೆಂದು ಪಿಂಚಣಿ ನಿಂತಾಗ, ಕಣ್ಣಿನ ಪಾಪೆ ತೋರಿಸಿ ಆಧಾರ್ ಮಾಡಿಸಲು ಓಡಾಡುವವರೂ ನಾವು. ಇಷ್ಟು ಮಾಡುವವರು ತಿಂಗಳ ಕೊನೆಯಲ್ಲಿ ಪೆಟ್ರೋಲಿಗೆ ಸಾಲ ಮಾಡಬಾರದು.

ಇನ್ನೊಂದು ಯೋಚನೆ ನನ್ನನ್ನು ಕಾಡುತ್ತದೆ. ವಿ.ಆರ್.ಡಬ್ಲ್ಯೂಗಳ ಸಭೆಯಲ್ಲಿ ಸುತ್ತ ನೋಡಿದರೆ ಬಹಳಷ್ಟು ಜನ ನನ್ನಂತೆ ಪೋಲಿಯೊದವರು; ಕೈ, ಬಾಯಿ, ತಲೆ ಚುರುಕಾಗಿದ್ದು ಕಾಲು ಮಾತ್ರ ಸೋತವರು. ನಮ್ಮ ಹಿಂದೆ ಪೋಲಿಯೊದವರು ಬರುವುದಿಲ್ಲ, ಬರಲೂಬಾರದು. ಮುಂದೆ ಈ ಕುರ್ಚಿಗೆ ಬರುವವರು ಬೇರೆ ಬಗೆಯ ಅಂಗವಿಕಲರು, ಅವರಿಗೆ ತಕ್ಕಂತೆ ಕೆಲಸದ ರೀತಿಯನ್ನು ಈಗಿನಿಂದಲೇ ಬದಲಿಸಬೇಕು.

ಸೆರೆಬ್ರಲ್ ಪಾಲ್ಸಿ ಇರುವ, ಪಿಯುಸಿ ಮುಗಿಸಿದ ಹುಡುಗಿಯೊಬ್ಬಳು ಈಚೆಗೆ ನನ್ನ ಜೊತೆ ಕೆಲಸ ಕಲಿಯುತ್ತಿದ್ದಾಳೆ. ಮಾತು ಹೊಸಬರಿಗೆ ಅರ್ಥವಾಗುವುದಿಲ್ಲ, ಮೊಬೈಲಿನಲ್ಲಿ ಕನ್ನಡ ಟೈಪು ಮಾಡುವುದರಲ್ಲಿ ನನಗಿಂತ ಚುರುಕು. ಬರುವ ವಿಶೇಷ ಗ್ರಾಮಸಭೆಯ ನಡಾವಳಿಯನ್ನು ಅವಳೇ ಬರೆಯಲಿ ಎಂದು ಪಿಡಿಒ ಅವರನ್ನು ಕೇಳಿದೆ, ಒಪ್ಪಿದ್ದಾರೆ. ಅವಳ ತೋಳು ಮೇಜಿನ ಎತ್ತರಕ್ಕೆ ಬರುವುದಿಲ್ಲ. ಗಾಲಿಕುರ್ಚಿಯ ನಮ್ಮ ಗಾರೆಯಣ್ಣ ನಾಳೆ ಬಂದು ಅಳತೆ ತೆಗೆದುಕೊಳ್ಳುತ್ತಾರೆ.