ಸೆಮಿನಾರಿಗೆ ನಿಲ್ಲುವ ಮುನ್ನ

ಗುತ್ತಲಿನ ನಮ್ಮ ನೆರೆಮನೆಯ ಹುಡುಗಿಯೊಬ್ಬಳು ಒಂದು ಸಂಜೆ ತರಗತಿ ಮುಗಿಸಿ ಬಂದವಳೇ ಯಾರೊಡನೆಯೂ ಮಾತನಾಡದೆ ಕೋಣೆ ಸೇರಿದಳು. ಪದವಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಉತ್ತಮ ಅಂಕಗಳೊಡನೆ ಸ್ನಾತಕೋತ್ತರ ತರಗತಿ ಸೇರಿದ್ದ ಜಾಣೆ. ಅಂದು ಅವಳು ವಿಶ್ವೇಶ್ವರಯ್ಯ ನಾಲೆಯ ಕುರಿತು ಸೆಮಿನಾರು ಮಂಡಿಸಬೇಕಾಗಿತ್ತು. ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದ ಮೂರನೆಯ ವಾಕ್ಯವೇ ಮರೆತುಹೋಯಿತು. ಪರದೆಯತ್ತ ತಿರುಗಿ ಓದತೊಡಗಿದಳು. ಹಿಂದಿನ ಬೆಂಚಿನಿಂದ ನಗೆ ಕೇಳಿಸಿತು. "ಇನ್ನು ನಾನು ಓದುವುದಿಲ್ಲಮ್ಮ" ಎಂದುಬಿಟ್ಟಳು.

ತಾಯಿಯ ಕೋರಿಕೆಯಂತೆ ನಾವು ಹೋಗಿ, "ಆ ನಾಲೆಯ ಸಂಗತಿಯನ್ನು ನಿಮ್ಮ ತಾತನಿಗೆ ಹೇಗೆ ಹೇಳುತ್ತೀಯಮ್ಮ?" ಎಂದು ಕೇಳಿದೆವು. ಹತ್ತು ನಿಮಿಷ ನಿಲ್ಲಿಸದೆ ಹೇಳಿದಳು! ಅವಳಲ್ಲಿ ತಿಳಿವಳಿಕೆಗೆ ಕೊರತೆಯಿರಲಿಲ್ಲ. ಅಣಿ ಮಾಡಿಕೊಳ್ಳುವ ಕ್ರಮಕ್ಕೆ ಮಾತ್ರ ಕೊರತೆಯಿತ್ತು. ಆ ಕ್ರಮವನ್ನು ನಮ್ಮ ಓದುಗರ ಮಕ್ಕಳಿಗೂ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇವೆ.

ಮೊದಲನೆಯದಾಗಿ, ಕೇಳುವವರು ಮನೆಗೆ ಒಯ್ಯಬೇಕಾದ ಒಂದೇ ಮಾತನ್ನು ಬರೆದುಕೊಳ್ಳಬೇಕು. ನಾಲೆ ಬಂದ ಮೇಲೆ ಮಂಡ್ಯದ ಬೆಳೆ ಬದಲಾಯಿತೆಂಬುದು ಅವಳ ಮಾತು. ಇದಕ್ಕೆ ಒದಗದ ಅಂಕಿ-ಅಂಶ ಎಷ್ಟೇ ಅಮೂಲ್ಯವಾಗಿರಲಿ, ಬಿಡಬೇಕು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾದುದು, 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಸ್ಥಾಪನೆಯಾದುದು, ಈ ಎರಡನ್ನು ಜೋಡಿಸಿದರೆ ಕತೆ ತಾನಾಗಿಯೇ ನಡೆಯುತ್ತದೆ.

ಎರಡನೆಯದು ಆರಂಭ. "ನನ್ನ ವಿಷಯವೇನೆಂದರೆ" ಎನ್ನುವುದಕ್ಕಿಂತ ಎಲ್ಲರೂ ಬಲ್ಲ ಸಂಗತಿಯಿಂದ ತೊಡಗುವುದು ಲೇಸು. ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ ಎಂಬುದು ನಮ್ಮ ಜಿಲ್ಲೆಯ ರೈತರ ನಾಲಿಗೆಯ ಮೇಲಿದೆ. ಅಲ್ಲಿಂದ ಹೊರಟರೆ ಸಭೆ ಕಿವಿಗೊಡುತ್ತದೆ.

ಪರದೆಯ ಮೇಲಿನ ಸ್ಲೈಡುಗಳು ಕೇಳುವವರಿಗಾಗಿ ಇರುವಂಥವು. ಮಾತನಾಡುವವರು ಓದಲೆಂದು ಅಲ್ಲ. ಹತ್ತು ನಿಮಿಷಕ್ಕೆ ಆರೇಳು ಸಾಕು. ದೊಡ್ಡ ಕೋಷ್ಟಕಕ್ಕಿಂತ ನಾಲೆಯ ಒಂದು ನಕ್ಷೆ ಮೇಲು. ವಿದ್ಯುತ್ತು ಕೈಕೊಟ್ಟರೂ ನಡೆಯುವಂತೆ ಮುಖ್ಯಾಂಶಗಳ ಚೀಟಿ ಕೈಯಲ್ಲಿರಲಿ.

ಇಂಗ್ಲಿಷಿನಲ್ಲಿಯೇ ಮಾತನಾಡಬೇಕಾದಲ್ಲಿ ಮೊದಲು ಕನ್ನಡದಲ್ಲಿ ಆಲೋಚಿಸಿ, ಬಳಿಕ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಬೇಕು. ಮೊದಲ ಮತ್ತು ಕೊನೆಯ ವಾಕ್ಯಗಳ ಹೊರತು ಬೇರಾವುದನ್ನೂ ಬಾಯಿಪಾಠ ಮಾಡಬಾರದು. ಬಾಯಿಪಾಠದ ಒಂದು ಕೊಂಡಿ ಕಳಚಿದರೆ ಇಡೀ ಸರಪಳಿಯೇ ಬೀಳುತ್ತದೆ. ಅರ್ಥ ತಿಳಿದವರಿಗೆ ಬೇರೆ ಪದ ಸಿಕ್ಕೀತು. ಪ್ರಶ್ನೆಗೆ ಉತ್ತರ ತೋಚದಿದ್ದರೆ "ತಿಳಿದು ಹೇಳುತ್ತೇನೆ" ಎನ್ನುವುದರಲ್ಲಿ ಅವಮಾನವೇನೂ ಇಲ್ಲ.

ಇನ್ನು ಅಭ್ಯಾಸ. ಮನಸ್ಸಿನಲ್ಲಿ ಓದಿಕೊಂಡರೆ ಸಾಲದು; ನಿಂತು, ಗಡಿಯಾರ ನೋಡಿ, ಗಟ್ಟಿಯಾಗಿ ಮೂರು ಬಾರಿಯಾದರೂ ಹೇಳಬೇಕು. ಆ ಮನೆಯವರು ಒಂದು ವಾರ ರಾತ್ರಿ ಊಟದ ಬಳಿಕ ಟೀವಿ ಆರಿಸಿ ಕುಳಿತರು. ತಾತ ನಡುವೆ ತೂಕಡಿಸಿದಾಗ, ಅಲ್ಲಿ ಮಾತು ಉದ್ದವಾಯಿತೆಂದು ಹುಡುಗಿಗೇ ತಿಳಿಯಿತು.

ಮುಂದಿನ ಸೆಮಿಸ್ಟರಿನಲ್ಲಿ ಅವಳು ಮತ್ತೆ ನಿಂತಳು. ನಡುವೆ ಒಮ್ಮೆ ಮಾತು ತಪ್ಪಿತಂತೆ. ಒಂದು ಗುಟುಕು ನೀರು ಕುಡಿದು ಮುಂದುವರಿದಳಂತೆ. ಈ ಸಲ ಯಾರೂ ನಗಲಿಲ್ಲ. ಇಬ್ಬರು ಪ್ರಶ್ನೆ ಕೇಳಿದರು.

ಮಕ್ಕಳ ಶುಲ್ಕಕ್ಕೆ, ಪುಸ್ತಕಕ್ಕೆ ನಾವು ಹಿಂದೆಮುಂದೆ ನೋಡದೆ ವ್ಯಯಿಸುತ್ತೇವೆ. ಅವರ ಮಾತಿಗೆ ಹತ್ತು ನಿಮಿಷದ ಕಿವಿಯನ್ನೂ ಕೊಡೋಣ. ಮನೆಯಲ್ಲಿ ಮಾತು ಕೇಳಿಸಿಕೊಂಡ ಮಗು ಹೊರಗಿನ ಸಭೆಗೆ ಹೆದರುವುದು ಕಡಿಮೆ.