ಮೈ ಹತ್ತದ ಮಗು

ನೆಂಟರಿಷ್ಟರು ನೆರೆದ ಮನೆಯಲ್ಲಿ, ಊಟ ಮುಗಿದು ಹೆಂಗಸರು ಎಲೆಯಡಕೆಯ ತಟ್ಟೆಯ ಸುತ್ತ ಕುಳಿತಿರುವ ಹೊತ್ತಿನಲ್ಲಿ, ಯಾರಾದರೊಬ್ಬ ಹಿರಿಯಾಕೆ ಪಕ್ಕದಲ್ಲಿ ಆಡುತ್ತಿರುವ ಕೂಸನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು, ಅದರ ತೋಳನ್ನು ಎರಡು ಬೆರಳುಗಳ ನಡುವೆ ಹಿಡಿದು ನೋಡಿ, “ಯಾಕಮ್ಮ, ಮಗು ಮೈ ಹತ್ತಲೇ ಇಲ್ಲವಲ್ಲ?” ಎಂದು ಕೇಳುವುದುಂಟು. ಕೇಳಿದಾಕೆಗೆ ಅದು ಅಕ್ಕರೆಯ ಮಾತು, ಮರುಗಳಿಗೆಗೆ ಮರೆತುಹೋಗುವಂಥದು. ಕೇಳಿಸಿಕೊಂಡ ತಾಯಿಗಾದರೋ ಅಂದಿನಿಂದ ನೆಮ್ಮದಿಯಿಲ್ಲ. ದೃಷ್ಟಿ ನಿವಾಳಿಸುವುದು, ತಾಯಿತ ಕಟ್ಟಿಸುವುದು, ಔಷಧದಂಗಡಿಯ ಟಾನಿಕ್ಕು, ಚಿತ್ರದ ಡಬ್ಬಿಯೊಳಗಿನ ಪುಡಿ, ಎಲ್ಲಕ್ಕಿಂತ ಮಿಗಿಲಾಗಿ ಪಕ್ಕದ ಮನೆಯ ಗುಂಡುಗುಂಡನೆಯ ಮಗುವಿನೊಡನೆ ನಿತ್ಯದ ಹೋಲಿಕೆ, ಇವೆಲ್ಲವೂ ಒಂದರ ಹಿಂದೊಂದು ಬರುತ್ತವೆ. ಈ ಕಳವಳವನ್ನು ಅಜ್ಞಾನವೆಂದು ತಳ್ಳಿಹಾಕುವವರ ಗುಂಪಿಗೆ ನಾನು ಸೇರಿದವನಲ್ಲ. ನನ್ನ ಆಕ್ಷೇಪ ಬೇರೆ: ಬೇಕಾದಲ್ಲಿ ಇರದೆ ಬೇಡವಾದಲ್ಲಿ ಬೀಡುಬಿಡುವುದು ಈ ಕಳವಳದ ಸ್ವಭಾವವಾಗಿಬಿಟ್ಟಿದೆ.

ಚಿಂತೆಯೇನೋ ಪುರಾತನವಾದುದೇ. ಶಿಶುಚಿಕಿತ್ಸೆಗೆಂದೇ ಮೀಸಲಾದ ನಮ್ಮ ಪ್ರಾಚೀನ ಗ್ರಂಥವಾದ ಕಾಶ್ಯಪ ಸಂಹಿತೆಯು, ವರ್ಷ ತುಂಬಿದರೂ ಹೆಜ್ಜೆಯಿಡದ, ತೋಳುತೊಡೆಗಳು ಒಣಗಿ ಹೊಟ್ಟೆಯೊಂದೇ ಮುಂದೆ ಬಂದಿರುವ ಕೂಸಿನ ವ್ಯಾಧಿಯನ್ನು ಫಕ್ಕರೋಗವೆಂದು ಕರೆದು, ಅದಕ್ಕೆ ಮೂರು ಮೂಲಗಳನ್ನು ಹೇಳುತ್ತದೆ: ತಾಯಿಯ ಹಾಲು ದೂಷಿತವಾಗುವುದು ಒಂದು, ಹಾಲೂಡುತ್ತಿರುವಾಗಲೇ ಆಕೆ ಮತ್ತೆ ಗರ್ಭವತಿಯಾಗಿ ಕೂಸಿಗೆ ಹಾಲು ತಪ್ಪುವುದು ಇನ್ನೊಂದು, ಬೇರಾವುದೋ ರೋಗಕ್ಕೆ ಸಿಕ್ಕಿ ಕೃಶವಾಗುವುದು ಮತ್ತೊಂದು. ಅಂಥ ಮಗುವಿಗೆ ನಡಿಗೆ ಕಲಿಸಲು ಮೂರು ಗಾಲಿಯ ಪುಟ್ಟ ಬಂಡಿಯನ್ನು ಮಾಡಿಸಿಕೊಡಬೇಕೆಂಬ ವಿಧಿಯೂ ಅಲ್ಲಿದೆ. ಆ ಎರಡನೆಯ ಮೂಲವನ್ನು 1930ರ ದಶಕದಲ್ಲಿ ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟಿನಲ್ಲಿ, ಎಂದರೆ ಇಂದಿನ ಘಾನಾ ದೇಶದಲ್ಲಿ, ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆಯು ಮತ್ತೆ ಕಂಡರು; ತಮ್ಮನೋ ತಂಗಿಯೋ ಹುಟ್ಟಿ ಎದೆಹಾಲು ತಪ್ಪಿದೊಡನೆ ಸೊರಗಿ ಬಾತುಕೊಳ್ಳುತ್ತಿದ್ದ ಮಕ್ಕಳನ್ನು ಕುರಿತು ಅವರು ಬರೆದುದನ್ನು ಓದಿದಾಗ, ಅಷ್ಟೊಂದು ಶತಮಾನಗಳ ಅಂತರದಲ್ಲಿ ಇಬ್ಬರು ವೈದ್ಯರ ಕಣ್ಣು ಒಂದೇ ಮಗುವಿನ ಮೇಲೆ ಬಿದ್ದಂತೆ ತೋರುತ್ತದೆ.

ಸಹಜವಾದ ಬೆಳವಣಿಗೆಯ ಗತಿಯನ್ನಾದರೂ ತಾಯ್ತಂದೆಯರು ಸರಿಯಾಗಿ ಬಲ್ಲರೇ ಎಂದರೆ, ಹೆಚ್ಚಿನವರು ಅರಿಯರು. ಹುಟ್ಟುವಾಗ ಸುಮಾರು 50 ಸೆಂಟಿಮೀಟರ್ ಉದ್ದವಿರುವ ಶಿಶು ಮೊದಲ ವರ್ಷವೊಂದರಲ್ಲಿಯೇ 25 ಸೆಂಟಿಮೀಟರ್ ಬೆಳೆಯುತ್ತದೆ. ಎರಡನೆಯ ವರ್ಷದಲ್ಲಿ ಅದರ ಅರ್ಧದಷ್ಟು. ನಾಲ್ಕು ದಾಟಿದ ಮೇಲೆ ಪ್ರಾಯ ಬರುವವರೆಗೂ ವರ್ಷಕ್ಕೆ ಐದಾರು ಸೆಂಟಿಮೀಟರ್ ಮಾತ್ರ. ಹುಟ್ಟಿದಾಗಿನ ತೂಕ ಐದು ತಿಂಗಳಿಗೆ ಇಮ್ಮಡಿಯೂ ವರ್ಷಕ್ಕೆ ಮುಮ್ಮಡಿಯೂ ಆಗಿ, ಆಮೇಲೆ ನಾಲ್ಕು ಮಡಿಯಾಗಲು ಮತ್ತೊಂದು ವರ್ಷವೇ ಹಿಡಿಯುತ್ತದೆ. ಎಂದಮೇಲೆ, ಒಂದೂವರೆ ವರ್ಷದ ಕೂಸು “ಮೊದಲಿನ ಹಾಗೆ ತಿನ್ನುವುದಿಲ್ಲ, ಬೆಳೆಯುವುದಿಲ್ಲ” ಎಂಬ ದೂರು ಬಹುಮಟ್ಟಿಗೆ ಪ್ರಕೃತಿಯ ಮೇಲಿನ ದೂರಾಗುತ್ತದೆ. ಅದು ಸಾಲದೆಂಬಂತೆ ಇನ್ನೊಂದು ಸೂಕ್ಷ್ಮವೂ ಇದೆ. ಹುಟ್ಟುವಾಗಿನ ಗಾತ್ರಕ್ಕೆ ಮುಖ್ಯವಾಗಿ ಗರ್ಭದೊಳಗಿನ ಪೋಷಣೆಯೂ, ಮುಂದಿನ ಎತ್ತರಕ್ಕೆ ಮುಖ್ಯವಾಗಿ ತಾಯ್ತಂದೆಯರಿಂದ ಬಂದ ಬೀಜವೂ ಕಾರಣವಾಗಿರುವುದರಿಂದ, ಕುಳ್ಳಾದ ದಂಪತಿಗಳಿಗೆ ದಪ್ಪನಾಗಿ ಹುಟ್ಟಿದ ಮಗು ಆರು ತಿಂಗಳಿಂದ ಒಂದೂವರೆ ವರ್ಷದೊಳಗೆ ಬೆಳವಣಿಗೆಯ ಪಟದಲ್ಲಿ ಮೆಲ್ಲಮೆಲ್ಲನೆ ಕೆಳಗಿನ ಗೆರೆಗೆ ಇಳಿದು, ತನಗೆ ತಕ್ಕ ಮಟ್ಟವನ್ನು ಹಿಡಿದು ಸಾಗುವುದು ವಾಡಿಕೆ. ಈ ಇಳಿತವನ್ನು ಕಂಡು ಅಂಜುವವರು ಒಮ್ಮೆ ಕನ್ನಡಿಯನ್ನೂ ನೋಡಿಕೊಳ್ಳಬಹುದು.

ಲೆಕ್ಕ ಬೇಕೆನ್ನುವವರಿಗೆ ವೈದ್ಯರದೊಂದು ಸುಲಭವಾದ ಸೂತ್ರವಿದೆ. ತಂದೆತಾಯಿಗಳ ಎತ್ತರವನ್ನು ಕೂಡಿ, ಗಂಡುಮಗುವಾದರೆ 13 ಸೆಂಟಿಮೀಟರ್ ಸೇರಿಸಿ, ಹೆಣ್ಣಾದರೆ ಅಷ್ಟನ್ನು ಕಳೆದು, ಎರಡರಿಂದ ಭಾಗಿಸಬೇಕು. ತಂದೆ 165, ತಾಯಿ 152 ಇದ್ದರೆ ಮಗನ ನಿರೀಕ್ಷಿತ ಎತ್ತರ 165; ಅದರಿಂದ ಎಂಟು ಸೆಂಟಿಮೀಟರಿನಷ್ಟು ಅತ್ತ ಇತ್ತ ಆದರೂ ಸಹಜವೇ. ಆ ಮನೆಯಲ್ಲಿ ಆರಡಿಯ ಕನಸು ಕಾಣುವುದು ಬೀಜಕ್ಕೆ ಮಾಡುವ ಅನ್ಯಾಯ.

ಬೆಳವಣಿಗೆಯನ್ನು ಅಳೆಯುವ ಶಿಸ್ತು ಹುಟ್ಟಿದುದು ಒಬ್ಬ ತಂದೆಯ ಕುತೂಹಲದಿಂದ ಎಂಬುದನ್ನು ಇಲ್ಲಿ ಹೇಳದಿರಲಾರೆ. ಫ್ರಾನ್ಸಿನ ಬರ್ಗಂಡಿ ಪ್ರಾಂತದ ಗೇನೋ ದ ಮೋಂಬೆಯಾರ್ ಎಂಬ ಗೃಹಸ್ಥನು 1759ರಲ್ಲಿ ಹುಟ್ಟಿದ ತನ್ನ ಮಗನನ್ನು ಸುಮಾರು ಆರಾರು ತಿಂಗಳಿಗೊಮ್ಮೆ ನಿಲ್ಲಿಸಿ ಅಳೆದು, 1777ರವರೆಗೆ, ಎಂದರೆ ಹದಿನೆಂಟು ವರ್ಷಗಳ ಕಾಲ, ಬರೆದಿಟ್ಟನು. ಆತನ ಮಿತ್ರನೂ ಪ್ರಕೃತಿಶಾಸ್ತ್ರಜ್ಞನೂ ಆದ ಬುಫೋನನು ಅದನ್ನು ತನ್ನ ಬೃಹದ್ಗ್ರಂಥದ ಅನುಬಂಧದಲ್ಲಿ ಅಚ್ಚುಹಾಕಿಸಿದನು. ಒಂದೇ ಮಗುವನ್ನು ಅಷ್ಟು ದೀರ್ಘಕಾಲ ಹಿಂಬಾಲಿಸಿದ ಅದಕ್ಕಿಂತ ಹಿಂದಿನ ದಾಖಲೆ ದೊರೆತಿಲ್ಲ. ಶೈಶವದ ರಭಸ, ಬಾಲ್ಯದ ಮಂದಗತಿ, ಹದಿಹರೆಯದಲ್ಲಿ ಮತ್ತೆ ಒಮ್ಮೆಲೆ ಚಿಮ್ಮುವ ವೇಗ, ಇವೆಲ್ಲವೂ ಆ ಅಂಕಿಗಳಲ್ಲಿ ಅಡಗಿದ್ದುವು. ಆತನಿಂದ ನಾವು ಕಲಿಯಬೇಕಾದುದು ಇಷ್ಟು: ಒಂದು ದಿನದ ಅಳತೆ ಮಗು ಎಷ್ಟಿದೆಯೆಂದು ಹೇಳೀತೇ ಹೊರತು ಬೆಳೆಯುತ್ತಿದೆಯೇ ಎಂದು ಹೇಳದು. ಕೆಳಗಿನ ಗೆರೆಯ ಮೇಲೆಯೇ ಇದ್ದರೂ ಅದನ್ನು ಬಿಡದೆ ಅನುಸರಿಸುತ್ತಿರುವ ಪೀಚಲು ಮಗುವಿಗಿಂತ, ಒಂದೂವರೆ ವರ್ಷದ ನಂತರವೂ ಮೇಲಿನ ಗೆರೆಯಿಂದ ನಡುಗೆರೆಗೆ ಜಾರುತ್ತಿರುವ ದೊಡ್ಡ ಮಗುವೇ ವೈದ್ಯನ ಹುಬ್ಬು ಗಂಟಿಕ್ಕಿಸುತ್ತದೆ. ಅಳೆಯುವ ಕ್ರಮವೂ ಒಂದೇ ಆಗಿರಬೇಕು. ಎರಡು ವರ್ಷದೊಳಗಿನ ಕೂಸನ್ನು ಮಲಗಿಸಿಯೂ ಆಮೇಲೆ ನಿಲ್ಲಿಸಿಯೂ ಅಳೆಯುವುದು ಪದ್ಧತಿ. ನಿಂತ ಅಳತೆ ಮಲಗಿದ ಅಳತೆಗಿಂತ ಮುಕ್ಕಾಲು ಸೆಂಟಿಮೀಟರಿನಷ್ಟು ಕಡಿಮೆ ಬರುವುದರಿಂದ, ಎರಡನೆಯ ಹುಟ್ಟುಹಬ್ಬದ ಸುಮಾರಿಗೆ ಮಗು ಕುಗ್ಗಿತೆಂದು ಗಾಬರಿಗೊಳ್ಳುವವರೂ ಇದ್ದಾರೆ.

ಗೆರೆಗಳು ಯಾರವು ಎಂಬ ಪ್ರಶ್ನೆಯೂ ಉಂಟು. ಬಹುಕಾಲ ಜಗತ್ತೆಲ್ಲ ಬಳಸಿದ್ದು ಅಮೆರಿಕದ ಮಕ್ಕಳ ಅಳತೆಗಳನ್ನು. ಅವರಲ್ಲಿ ಅನೇಕರು ಬಾಟಲಿಯ ಹಾಲಿನಲ್ಲಿ ಬೆಳೆದವರಾದುದರಿಂದ, ಎದೆಹಾಲಿನ ಮಗು ಆರೇಳು ತಿಂಗಳಿಗೆ ಹಿಂದೆ ಬಿದ್ದಂತೆ ಆ ಪಟದಲ್ಲಿ ತೋರುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆಯು ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ ಎಂಬ ಆರು ದೇಶಗಳಲ್ಲಿ, ಎದೆಹಾಲುಂಡು ಒಳ್ಳೆಯ ಪರಿಸರದಲ್ಲಿ ಬೆಳೆಯುತ್ತಿದ್ದ ಮಕ್ಕಳನ್ನು ಅಳೆಯಿಸಿ 2006ರಲ್ಲಿ ಹೊಸ ಮಾನಗಳನ್ನು ಹೊರಡಿಸಿತು. ನಮ್ಮ ದೇಶದ ಅಳತೆಗಳು ದಕ್ಷಿಣ ದೆಹಲಿಯ ಅನುಕೂಲಸ್ಥರ ಮನೆಗಳಿಂದ ಬಂದವು. ಐದು ವರ್ಷದವರೆಗೆ ಓಸ್ಲೋದ ಮಗುವೂ ದೆಹಲಿಯ ಮಗುವೂ ಹೆಚ್ಚುಕಡಿಮೆ ಸಮನಾಗಿಯೇ ಬೆಳೆಯುತ್ತವೆಂದು ಆಗ ತಿಳಿದುಬಂದಿತು. “ನಮ್ಮ ಜನವೇ ಕುಳ್ಳು” ಎಂಬ ಸಮಾಧಾನಕ್ಕೆ ಇದರಿಂದ ದೊಡ್ಡ ಪೆಟ್ಟು ಬಿದ್ದಿತು. ಆ ಮಾತಿಗೆ ಮುಂದೆ ಬರುತ್ತೇನೆ.

ಅದಕ್ಕೆ ಮುನ್ನ ತಡವಾಗಿ ಬೆಳೆಯುವ ಹುಡುಗರ ವಿಷಯ. ಹದಿನಾಲ್ಕು ತುಂಬಿದರೂ ದನಿಯೊಡೆಯದೆ, ಮೀಸೆಯ ಸುಳಿವಿಲ್ಲದೆ, ತರಗತಿಯ ಮೊದಲ ಸಾಲಿನಲ್ಲಿಯೇ ನಿಲ್ಲುವ ಹುಡುಗನ ಮನೆಯಲ್ಲಿ ವಿಚಾರಿಸಿದರೆ, ಅವನ ತಂದೆಯೂ ಕಾಲೇಜು ಸೇರಿದ ಮೇಲೆಯೇ ಉದ್ದವಾದವನೆಂದು ಅಜ್ಜಿ ಹೇಳುವುದುಂಟು. ಇಂಥವನ ಎಡಗೈಯ ಎಕ್ಸ್‌ರೇ ತೆಗೆದರೆ ಮಣಿಕಟ್ಟಿನ ಎಲುಬುಗಳು ವಯಸ್ಸಿಗಿಂತ ಒಂದೆರಡು ವರ್ಷ ಎಳೆಯವಾಗಿ ಕಾಣುತ್ತವೆ. ಓರಗೆಯವರ ಬೆಳವಣಿಗೆ ನಿಂತಮೇಲೂ ಇವನದು ಮುಂದುವರಿಯುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ಒಂಬತ್ತು ಹತ್ತನೆಯ ವಯಸ್ಸಿಗೇ ಮೈನೆರೆದು ತರಗತಿಗೆಲ್ಲ ಎತ್ತರವಾಗಿರುವ ಹುಡುಗಿಯನ್ನು ಕಂಡು ಯಾರೂ ಚಿಂತಿಸುವುದಿಲ್ಲ; ಅವಳಿಗೆ ಬೆಳೆಯಲು ಉಳಿದಿರುವುದು ಕೆಲವೇ ಸೆಂಟಿಮೀಟರುಗಳೆಂಬುದು ಹೊಳೆಯುವುದಿಲ್ಲ.

ನಿಜವಾದ ವ್ಯಾಧಿಗಳೂ ಇಲ್ಲದಿಲ್ಲ. ಎತ್ತರ ನಿಂತು ತೂಕ ಮಾತ್ರ ಏರುತ್ತಿದ್ದರೆ ಥೈರಾಯ್ಡ್ ಗ್ರಂಥಿಯನ್ನೋ ಬೇರೆ ಹಾರ್ಮೋನನ್ನೋ ಸಂದೇಹಿಸಬೇಕು. ಎತ್ತರಕ್ಕಿಂತ ಮೊದಲು ತೂಕ ಕುಸಿದರೆ ಆಹಾರ, ಕರುಳು, ಮೂತ್ರಪಿಂಡ, ಹೃದಯಗಳ ಕಡೆ ನೋಡಬೇಕು. ಕುಳ್ಳುತನವೊಂದನ್ನು ಬಿಟ್ಟರೆ ಬೇರೆ ಲಕ್ಷಣವೇ ಕಾಣದ ಹುಡುಗಿಯಲ್ಲಿ, ವರ್ಣತಂತುವೊಂದು ಕೊರೆಯಾದ ಟರ್ನರ್ ಸ್ಥಿತಿ ಇರಬಹುದು. ಸುಮಾರು 2,500 ಹೆಣ್ಣುಶಿಶುಗಳಲ್ಲಿ ಒಂದಕ್ಕೆ ಅದು ಉಂಟು. ಮಗನ ಎತ್ತರಕ್ಕೆ ಊರೂರು ಅಲೆಯುವ ಮನೆಗಳೇ ಮಗಳ ವಿಷಯದಲ್ಲಿ “ಹೆಣ್ಣು ಗಿಡ್ಡವಿದ್ದರೇನು, ಗಂಡು ಸಿಕ್ಕುವುದು ಸುಲಭ” ಎಂದು ಸುಮ್ಮನಿರುವುದರಿಂದ ಇದು ಗೊತ್ತಾಗುವ ಹೊತ್ತಿಗೆ ಚಿಕಿತ್ಸೆಯ ಕಾಲ ಮೀರಿರುತ್ತದೆ. ಬೆಳವಣಿಗೆಯ ಹಾರ್ಮೋನು ಒಂದು ಕಾಲಕ್ಕೆ ಶವಗಳ ಪಿಟ್ಯುಟರಿ ಗ್ರಂಥಿಯಿಂದ ಮಾತ್ರ ದೊರೆಯುತ್ತಿತ್ತು; 1985ರಿಂದೀಚೆಗೆ ಅದು ಪ್ರಯೋಗಶಾಲೆಯಲ್ಲಿ ತಯಾರಾಗುತ್ತಿದೆ. ವರ್ಷಗಟ್ಟಲೆ ಚುಚ್ಚಬೇಕಾದ ಆ ದುಬಾರಿ ಮದ್ದು ಕೊರತೆಯಿರುವವರಿಗೆ ವರ. ಆರೋಗ್ಯವಾಗಿಯೇ ಇದ್ದು ಕುಳ್ಳಾಗಿರುವ ಹುಡುಗನಿಗೆ ಅದರಿಂದ ದೊರೆಯುವುದು ಅಲ್ಪ.

ಊಟದ ವಿಷಯವಾಗಿ ಒಂದೇ ಮಾತು. ಬಾಯಿ ಬಿಡಿಸಿ ತುರುಕಿದ ತುತ್ತಿನಿಂದ ಮಗು ಬೆಳೆಯದು; ಊಟದ ಹೊತ್ತೆಂದರೆ ಅದಕ್ಕೆ ಭಯ ಹುಟ್ಟೀತು, ಅಷ್ಟೆ. ಆರು ತಿಂಗಳಾದೊಡನೆ ಮೊಳಕೆ ಬರಿಸಿದ ರಾಗಿಯ ಸರಿ, ತುಪ್ಪ ಬೆರೆಸಿದ ಮೆತ್ತನೆಯ ಬೇಳೆಯನ್ನ, ಒಗ್ಗುವ ಮನೆಗಳಲ್ಲಿ ಮೊಟ್ಟೆ, ಇಷ್ಟನ್ನು ದಿನಕ್ಕೆ ಹಲವು ಸಲ ಕೊಡುವುದಕ್ಕೆ ಡಬ್ಬಿಯ ಪುಡಿಯ ಹಂಗಿಲ್ಲ. ತಿಳಿಸಾರಿನಲ್ಲಿ ಕಿವುಚಿದ ಅನ್ನ ಹೊಟ್ಟೆ ತುಂಬಿಸುತ್ತದೆ, ಮೈ ತುಂಬಿಸುವುದಿಲ್ಲ.

ಇನ್ನು ಉಳಿದುದು, ಚಿಂತೆಯೇ ಹುಟ್ಟದ ಮನೆಗಳ ಮಾತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ಶೇಕಡ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಮೂವರಲ್ಲೊಬ್ಬ ಮಗು ಗಿಡ್ಡವಾಗಿರುವ ಕೇರಿಯಲ್ಲಿ ಗಿಡ್ಡ ಮಗುವೇ ಸಾಮಾನ್ಯ ಮಗುವಾಗಿ ಕಾಣುವುದರಿಂದ, ಅಲ್ಲಿ ತೋಳನ್ನು ಹಿಡಿದು ನೋಡಿ ಪ್ರಶ್ನಿಸುವ ಹಿರಿಯಾಕೆಯೂ ಇಲ್ಲ. ಪದೇ ಪದೇ ಬರುವ ಭೇದಿ, ಹೊಲಸು ನೀರು, ಸಾರವಿಲ್ಲದ ಊಟ, ರಕ್ತಹೀನಳಾದ ತಾಯಿ, ಇವುಗಳ ಹಾನಿಯೆಲ್ಲ ಬಹುಪಾಲು ಮೊದಲ ಎರಡು ವರ್ಷಗಳಲ್ಲಿಯೇ ನಡೆದುಹೋಗುತ್ತದೆ. ಹೀಗೆ ಗಿಡ್ಡವಾದವರು ಗಾತ್ರದಲ್ಲಿ ಸಣ್ಣವರಾದರೂ ಆರೋಗ್ಯವಂತರೇ ಎಂದು 1980ರ ದಶಕದಲ್ಲಿ ಡೇವಿಡ್ ಸೆಕ್ಲರ್ ಎಂಬ ಅರ್ಥಶಾಸ್ತ್ರಜ್ಞರು ವಾದಿಸಿದಾಗ, ನಮ್ಮ ಪೋಷಣವಿಜ್ಞಾನಿ ಸಿ. ಗೋಪಾಲನ್ ಅವರು ಅದನ್ನು ಕಟುವಾಗಿ ಖಂಡಿಸಿದರು. ಗೋಪಾಲನ್ ಅವರ ಪಕ್ಷವೇ ನನ್ನದು. ಗಿಡ್ಡವಾಗಿ ಉಳಿದ ಹುಡುಗಿ ತಾಯಿಯಾದಾಗ ಅವಳ ಕೂಸೂ ಕಡಿಮೆ ತೂಕದ್ದಾಗಿ ಹುಟ್ಟುವ ಸಂಭವ ಹೆಚ್ಚು.

1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಿಂದ ಆಯ್ಕೆಯಾದುದು ಟಿ. ನರಸೀಪುರ. ಅಂದಿನಿಂದ ಅಂಗನವಾಡಿಯ ತಕ್ಕಡಿ ತಿಂಗಳು ತಿಂಗಳೂ ಮಕ್ಕಳನ್ನು ತೂಗುತ್ತಲೇ ಇದೆ. ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಾದರೆ ಕೆಂಪು ತೋರಿಸುವ ಪಟ್ಟಿಯೂ ಬಂದಿದೆ. ಆದರೆ ಅಂಕಿಯನ್ನು ತಾಯಿಕಾರ್ಡಿನಲ್ಲಿ ಬರೆದ ಮೇಲೆ, ಕಳೆದ ತಿಂಗಳಿನ ಚುಕ್ಕೆಗೂ ಈ ತಿಂಗಳಿನದಕ್ಕೂ ನಡುವಣ ಗೆರೆ ಏರಿದೆಯೋ ಮಲಗಿದೆಯೋ ಎಂಬುದನ್ನು ಎದುರಿಗೆ ನಿಂತ ತಾಯಿಗೆ ಬಿಡಿಸಿ ಹೇಳಲು, ಹತ್ತಾರು ದಾಖಲೆ ಪುಸ್ತಕಗಳನ್ನು ಹೊತ್ತ ಕಾರ್ಯಕರ್ತೆಗೆ ಪುರಸೊತ್ತೆಲ್ಲಿದೆ? ತೂಗುವ ಕೆಲಸಕ್ಕೆ ಸರಕಾರ ಖರ್ಚು ಮಾಡಿದೆ. ಹೇಳುವ ಕೆಲಸಕ್ಕೂ ಮಾಡಬೇಕು.